ಅಳೆಯದೆ ಬಿಟ್ಟ ಸಾಲು

"ಕೋಲು ನೆಟ್ಟಗೆ ಹಿಡಿಯೇ, ಬೇವರ್ಸಿ. ಬೆನ್ನಲ್ಲಿ ಮೂಳೆ ಇಲ್ವಾ ನಿಂಗೆ?"

ಮೂರು ಕಾಲಿನ ಯಂತ್ರಕ್ಕೆ ಒಂದು ಕಣ್ಣಿಟ್ಟು, ಇನ್ನೊಂದು ಮುಚ್ಚಿ ನಿಂತಿದ್ದ ಸರ್ವೇಯರ್ ಕೂಗಿದ. ಬೆಳಗಿನಿಂದ ನಲವತ್ತು ಕಡೆ ಅಳತೆ ಕೋಲು ಹಿಡಿದು ನಿಂತಿದ್ದೆ. ಅವನು ಅಂಕಿ ಬರೆದುಕೊಂಡು ಕೈ ಬೀಸಬೇಕು, ನಾನು ಮುಂದಿನ ಜಾಗಕ್ಕೆ ಓಡಬೇಕು. ನಾವು ಕೂಲಿ ಹೆಂಗಸರು ಅವನಿಗೆ ಒಕ್ಕಣ್ಣ ಎಂದು ಹೆಸರಿಟ್ಟಿದ್ದೆವು. ನಾನು ಹಿಡಿದ ಕೋಲನ್ನು ಬಟ್ಟೆಯಿಂದ ಒರೆಸದೆ ಅವನು ಮುಟ್ಟುತ್ತಿರಲಿಲ್ಲ.

ಆ ಬಯಲಿನಲ್ಲಿ ಸಾರ್ವಜನಿಕ ಗ್ರಂಥಾಲಯ ಕಟ್ಟುವವರಿದ್ದರು. ಬಯಲಿನ ತಗ್ಗಿನಲ್ಲಿ ನಮ್ಮ ಸಾಲು: ರಸ್ತೆ ಗುಡಿಸುವವರ, ಕಲ್ಲು ಹೊರುವವರ ಇಪ್ಪತ್ತಾರು ತಗಡಿನ ಮನೆ. ಮೂರನೆಯ ದಿನ ಅಳತೆ ಸಾಲಿನ ಬಾಯಿಗೆ ಬಂತು. ಒಕ್ಕಣ್ಣ ಮೂಗು ಮುಚ್ಚಿಕೊಂಡ.

"ಒಳಗೆ ಬೇಡ. ನಿಮ್ಮ ಹೇಲು ತುಳಿಯೋಕೆ ಬಂದಿಲ್ಲ ನಾನು. ಹೊರಗಿಂದ ಸುತ್ತು ಹಾಕು."

ನನಗೆ ಒಳಗೊಳಗೇ ಖುಷಿ. ಹಿಂದೆ ಎರಡು ಸಲ ಟೇಪು ಹಿಡಿದವರು ಬಂದ ತಿಂಗಳಲ್ಲೇ ನಮ್ಮ ಗೋಡೆಗಳು ಉರುಳಿದ್ದವು. ಅಳೆದದ್ದನ್ನು ತಾನೇ ಅವರು ಕಿತ್ತುಕೊಳ್ಳುವುದು? ಅಳೆಯದಿದ್ದರೆ ಬಚಾವು. ಅದಕ್ಕೇ ಅವನು ಹೇಳಿದ್ದಕ್ಕಿಂತ ಹತ್ತು ಹೆಜ್ಜೆ ದೂರದಲ್ಲೇ ಕೋಲು ನಿಲ್ಲಿಸುತ್ತಾ ಇಡೀ ಸಾಲನ್ನು ಬಳಸಿ ಬಂದೆ. ನಮ್ಮ ತಂಟೆಗೆ ಯಾರೂ ಬರುವುದಿಲ್ಲ ಎಂದು ಮನೆಮನೆಗೂ ಹೇಳಿದೆ. ಅತ್ತೆಯ ಬಾಯಲ್ಲಿ ಹೊಗಳಿಕೆ ಕೇಳಿದ್ದು ಅವತ್ತೇ ಮೊದಲು.

ತಿಂಗಳಾದ ಮೇಲೆ ಕಟ್ಟಡದ ನಕಾಶೆ ಬರೆದ ಸಾಹೇಬರು ಬಂದರು. ಕಾರಿನ ಮೂತಿಯ ಮೇಲೆ ಹಾಳೆ ಹರಡಿ, ಅದು ಹಾರದಂತೆ ಮೂಲೆ ಒತ್ತಿಹಿಡಿಯಲು ನನ್ನನ್ನು ಕರೆದರು. ಗಾಜಿನ ಕಟ್ಟಡ, ಅಗಲವಾದ ಮೆಟ್ಟಿಲು, ಮರಗಳು. ಛತ್ರಿ ಹಿಡಿದ ಹೆಂಗಸು, ಅವಳ ನಾಯಿ. ನಮ್ಮ ಸಾಲು ಇರಬೇಕಾದಲ್ಲಿ ನೀಲಿ ಕೊಳ.

ಇಲ್ಲಿ ನಮ್ಮ ಮನೆಗಳಿವೆ ಎಂದೆ. ಒಕ್ಕಣ್ಣ ತನ್ನ ಅಳತೆಯ ಹಾಳೆ ಬಿಚ್ಚಿದ. ಸುತ್ತಲೂ ನನ್ನ ಕೋಲು ನಿಂತ ಚುಕ್ಕಿಗಳು, ನಡುವೆ ಬಿಳಿ. ಆ ಬಿಳಿಯಲ್ಲಿ ಖಾಲಿ ಜಾಗ ಎಂದು ಬರೆದಿದ್ದ.

"ಅಳತೇಲಿ ಇಲ್ಲದ್ದನ್ನ ನಾನು ಹೇಗಮ್ಮ ನೋಡ್ಲಿ?" ಸಾಹೇಬರು ಬಲು ಮೃದುವಾಗಿ ಹೇಳಿದರು. "ಇದು ಎಲ್ಲರಿಗೂ ಸೇರಿದ ಕಟ್ಟಡ. ನಿಮಗೂ."

ನಾಯಿಗೂ ಜಾಗ ಕೊಟ್ಟಿದ್ದರು. ಅವರಿಬ್ಬರ ಮೇಲಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಮನೆಗೆ ಬಂದು ಹೇಳಿದಾಗ ಅತ್ತೆ ಅಳಲಿಲ್ಲ.

"ಕೊಡಲಿ ಕಾವು ಕುಲಕ್ಕೆ ಮೂಲ ಅಂತಾರಲ್ಲ, ಆ ಕಾವು ನೀನೇ ಕಣೆ."

ಮರುದಿನ ಬೆಳಿಗ್ಗೆ ಕೊಳದ ನೀರು ಹೊರಹೋಗಲು ಚರಂಡಿಯ ಮಟ್ಟ ಬೇಕಾಯಿತು. ಸಾಹೇಬರೂ ಮತ್ತೆ ಬಂದಿದ್ದರು. ಒಕ್ಕಣ್ಣ ಯಂತ್ರ ಹೂಡಿ ನನ್ನನ್ನು ಕಳಿಸಿದ. ನಾನು ಚರಂಡಿಗೆ ಹೋಗಲಿಲ್ಲ. ಸೀದಾ ನಮ್ಮ ಮನೆಗೆ ನುಗ್ಗಿ ಒಲೆಯ ಪಕ್ಕ ಕೋಲು ನಿಲ್ಲಿಸಿದೆ.

"ಎಲ್ಲಿ ಸತ್ಯೇ, ಸೂಳೆ? ಕೋಲು ಕಾಣ್ತಿಲ್ಲ." ಹೊರಗಿನಿಂದ ಒಕ್ಕಣ್ಣ ಅರಚಿದ.

ಅತ್ತೆ ನನ್ನ ಮುಖ ನೋಡಿದಳು, ಕೋಲು ನೋಡಿದಳು. ಪೆಟ್ಟಿಗೆ ಹತ್ತಿ ಸೂರಿನ ಮೊಳೆ ಕೀಳತೊಡಗಿದಳು. ಮೂರು ಮಳೆಗಾಲ ನೆನೆದು ಕೊನೆಗೆ ಹೊದಿಸಿಕೊಂಡಿದ್ದ ತಗಡು ಅದು. ಎರಡು ತಗಡು ಹಿತ್ತಲಿಗೆ ಬಿದ್ದವು. ಬಿಸಿಲು ನಮ್ಮ ಪಾತ್ರೆಗಳ ಮೇಲೆ ಬಿತ್ತು. ನಾನು ಒಂದರೊಳಗೊಂದು ಸೇರಿಕೊಂಡಿದ್ದ ಕೋಲಿನ ತುಂಡುಗಳನ್ನೂ ಪೂರ್ತಿ ಎಳೆದು ಸೂರಿನಾಚೆ ಎತ್ತಿದೆ.

"ಈಗ ಕಾಣ್ತದಾ?" ಎಂದು ಕೂಗಿದೆ. "ಮನೆ ಅಂತ ಬರಿ. ಬರಿಯೋ ತನಕ ಕೋಲು ಇಲ್ಲಿಂದ ಅಲ್ಲಾಡಲ್ಲ."

ಸೂರಿನಿಂದ ತಲೆ ಹೊರಹಾಕಿದ್ದ ಅತ್ತೆ, ಒಕ್ಕಣ್ಣ ಪೊಲೀಸರಿಗೆ ಫೋನು ಮಾಡುತ್ತಿರುವಂತಿದೆ, ಸಾಹೇಬರು ಕಾರಿನೊಳಗೆ ಕೂತು ಗಾಜು ಏರಿಸಿಕೊಂಡರು ಎಂದಳು. ಅಷ್ಟರಲ್ಲಿ ಪಕ್ಕದ ಮನೆಯ ತಗಡು ಕಿರುಗುಟ್ಟಿತು. ಅವರ ಬಳಿ ಅಳತೆ ಕೋಲಿರಲಿಲ್ಲ. ರಸ್ತೆ ಗುಡಿಸುವ ಉದ್ದ ಹಿಡಿಯ ಪೊರಕೆಯನ್ನು ಸೂರಿನಿಂದ ಮೇಲೆತ್ತಿದರು. ಅದರಾಚೆಯ ಮನೆಯಿಂದ ಇನ್ನೊಂದು.

"ಹನ್ನೊಂದು ಮನೆ ಆಯ್ತು ಕಣೆ," ಅತ್ತೆ ಮೇಲಿಂದ ಹೇಳಿದಳು. "ಕೈ ಸೋಲಬೇಡ."