ರೊಟ್ಟಿಯ ಅಳತೆಯ ಡಬ್ಬಿ

ನಾನು ಒಂದು ಬುತ್ತಿ ಡಬ್ಬಿ. ಹುಟ್ಟಿದ್ದು ಧಾರವಾಡದ ಒಂದು ಓಣಿಯಲ್ಲಿ, ತಗಡಿನ ಕೆಲಸ ಮಾಡುವ ಹುಸೇನಸಾಬರ ಸುತ್ತಿಗೆಯ ಕೆಳಗೆ. ಬೇರೆ ಡಬ್ಬಿಗಳನ್ನು ಇಂಚಿನ ಲೆಕ್ಕದಲ್ಲಿ ಕತ್ತರಿಸುತ್ತಾರೆ. ನನ್ನನ್ನು ಕತ್ತರಿಸಿದ್ದು ಒಂದು ಜೋಳದ ರೊಟ್ಟಿಯ ಅಳತೆಗೆ.

ಆ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದವಳು ಹೊಸಗಟ್ಟಿಯ ನೀಲವ್ವ. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಗಂಟು ಬಿಚ್ಚಿ, ಅಲ್ಯೂಮಿನಿಯಂ ತಗಡಿನ ಮೇಲೆ ರೊಟ್ಟಿ ಇಟ್ಟಳು.

"ಇಷ್ಟ ಅಗಲ ಬೇಕ್ರಿ. ಮಡಚಿ ಇಟ್ರ ಮುರೀತಾವು. ನನ್ನ ಮಗ ಮುರದ ರೊಟ್ಟಿ ಉಣ್ಣಂಗಿಲ್ಲ."

ಸಾಬರು ರೊಟ್ಟಿಯ ಸುತ್ತ ಮೊಳೆಯಿಂದ ಗೆರೆ ಕೊರೆದರು. "ಅಳತಿ ಆತವ್ವಾ. ಇನ್ನ ಈ ಅಳತಿ ತಿನ್ನಬಹುದಲ್ಲ?"

"ಮದಲ ಡಬ್ಬಿ ಮಾಡ್ರಿ. ಆಮ್ಯಾಲ ಅಳತಿ ನಿಮಗ."

ಮುಚ್ಚಳ ಬಂತು, ಎರಡು ಕೊಂಡಿ ಬಂದವು, ಹಿಡಿಕೆ ಬಂತು. ಸಾಬರು ಮಾತಿನಂತೆ ರೊಟ್ಟಿ ತಿಂದರು. ಪಕ್ಕದ ಪೇಂಟರ್ ನನ್ನ ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ "ಗುರುಸಿದ್ಧ, ಹೊಸಗಟ್ಟಿ" ಎಂದು ಬರೆದ. ನೀಲವ್ವ ಓದು ಬಾರದವಳು. ಆದರೂ ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಲೇ ಇದ್ದಳು. ಬಣ್ಣ ಇನ್ನೂ ಹಸಿಯಿತ್ತು, ಅವಳ ಬೆರಳೆಲ್ಲ ಕೆಂಪಾಯಿತು.

ಆ ಕಾಲದಲ್ಲಿ ಧಾರವಾಡದಲ್ಲಿ ಓದುವ ಮಕ್ಕಳಿಗೆ ಸುತ್ತಲಿನ ಹಳ್ಳಿಗಳಿಂದ ಬುತ್ತಿ ಬಸ್ಸಿನಲ್ಲೇ ಬರುತ್ತಿತ್ತು. ಬೆಳಗಿನ ಎಂಟರ ಬಸ್ಸಿಗೆ ತಾಯಂದಿರು ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಡ್ರೈವರನ ಹಿಂದಿನ ಜಾಗ ನಮ್ಮದು. ಕಂಡಕ್ಟರ್ ನಮ್ಮನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಸಾಲಾಗಿ ಇಳಿಸುತ್ತಿದ್ದ. ಹುಡುಗರು ಬಂದು ಹೆಸರು ನೋಡಿ ಒಯ್ಯುತ್ತಿದ್ದರು. ಸಂಜೆ ನಾಲ್ಕರ ಬಸ್ಸಿಗೆ ಖಾಲಿಯಾಗಿ ಊರಿಗೆ ಮರಳುತ್ತಿದ್ದೆವು. ಮುಟ್ಟಿದವರಿಲ್ಲ, ಕದ್ದವರಿಲ್ಲ.

ಡಬ್ಬಿಯನ್ನು ತೊಳೆಯದೆ ಕಳಿಸುವುದು ರೂಢಿ. ಬಾಡಿಗೆ ಕೋಣೆಗಳಲ್ಲಿ ನೀರು ಕಡಿಮೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ತಾಯಂದಿರಿಗೆ ಮಾತ್ರ ಗೊತ್ತು. ಸಂಜೆ ನೀಲವ್ವ ನನ್ನ ಮುಚ್ಚಳ ತೆಗೆದು, ದೀಪದ ಬುಡದಲ್ಲಿ ಹಿಡಿದು ನೋಡುತ್ತಿದ್ದಳು. ಮೂಲೆಯಲ್ಲಿ ಗುರೆಳ್ಳು ಚಟ್ನಿ ಉಳಿದಿದ್ದರೆ, "ಖಾರ ಆತು ಹುಡುಗಗ" ಎನ್ನುತ್ತಿದ್ದಳು. ಮಡಿಕೆಕಾಳಿನ ಪಲ್ಲೆಯ ಬಟ್ಟಲು ನೆಕ್ಕಿದಂತಿದ್ದರೆ ಮರುದಿನ ಮತ್ತೆ ಅದನ್ನೇ ಮಾಡುತ್ತಿದ್ದಳು. ಓದು ಬಾರದ ಆ ತಾಯಿಗೆ ನಾನೇ ಮಗನ ಪತ್ರ.

ಒಂದು ವರ್ಷ ಹೀಗೆ ನಡೆಯಿತು. ಗುರುಸಿದ್ಧ ಯುನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದ. ಎರಡನೆಯ ವರ್ಷ ಅವನಿಗೆ ಪೇಟೆಯ ಗೆಳೆಯರು ಸಿಕ್ಕರು, ಹೋಟೆಲಿನ ರುಚಿ ಹತ್ತಿತು. ಹಳ್ಳಿಯ ಡಬ್ಬಿ ಹಿಡಿದು ಗೆಳೆಯರ ಮುಂದೆ ನಡೆಯಲು ಸಂಕೋಚವೂ ಇತ್ತೇನೋ. ಕೆಟ್ಟ ಹುಡುಗನಲ್ಲ. ಅವ್ವನಿಗೆ ಬೇಡವೆಂದು ಹೇಳಿ ನೋಯಿಸುವ ಧೈರ್ಯ ಅವನಿಗಿರಲಿಲ್ಲ, ಅಷ್ಟೇ. ಮಧ್ಯಾಹ್ನ ಮೂರಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹಿಂದೆ ನಿಲ್ಲುವ ಒಂದು ಬಿಳಿ ಆಕಳಿಗೆ ರೊಟ್ಟಿ ಹಾಕಿ, ನನ್ನನ್ನು ಮತ್ತೆ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ. ನೀಲವ್ವ ಸಂಜೆ ಡಬ್ಬಿ ನೋಡಿ ಹಿಗ್ಗುತ್ತಿದ್ದಳು. "ಒಂದ ತುಣುಕ ಉಳಿಸಿಲ್ಲ ನೋಡ್ರಿ!" ನಾನು ಲೋಹ. ಆದರೂ ಆ ಹೊತ್ತಿನಲ್ಲಿ ಕಾದ ಹಂಚಿನಂತೆ ಸುಡುತ್ತಿದ್ದೆ.

ಆಕಳು ರೊಟ್ಟಿ ತಿನ್ನುವುದನ್ನು ದಿನಾ ನೋಡುತ್ತಿದ್ದವಳು ಒಬ್ಬಳಿದ್ದಳು. ಹಿಂದಿನ ಬೇವಿನ ಮರದ ಕೆಳಗೆ ಕಲ್ಲಿನ ಹಾಸಿನ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದ ಹುಡುಗಿ. ಹೆಸರು ಶರಣಮ್ಮ. ದೇವದುರ್ಗದ ಕಡೆಯವಳು, ಎಂ.ಎ. ಓದುತ್ತಿದ್ದಳು. ಅವಳ ಊರಿನಿಂದ ಬುತ್ತಿ ಬರುವಂತಿರಲಿಲ್ಲ. ದಿನವಿಡೀ ಬಸ್ಸಿನಲ್ಲಿ ಬಂದ ಪಲ್ಲೆ ಹಳಸಿಹೋದೀತು. ಹಾಸ್ಟೆಲ್ಲಿನ ಪಟ್ಟಿಯಲ್ಲಿ ಅವಳ ಹೆಸರು ಬಂದಿರಲಿಲ್ಲ. ಮೂವರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದಳು. ಅವರು ಊಟಕ್ಕೆ ಕೂರುವ ಹೊತ್ತಿಗೆ ಏನಾದರೂ ನೆಪ ಹೇಳಿ ಹೊರಗೆ ಬರುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನಲ್ಲಿಯಿತ್ತು, ನೆರಳಿತ್ತು, ಅಲ್ಲಿ ಯಾಕೆ ಕೂತಿದ್ದೀ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಒಂದು ಚಹಾ, ರಾತ್ರಿಗೆ ಒಂದು ಹಿಡಿ ಅವಲಕ್ಕಿ. ನಡುವೆ ನೀರು.

ಒಂದು ದಿನ ಹನ್ನೊಂದರ ಹೊತ್ತಿಗೆ ಅವಳು ಕಟ್ಟೆಯ ಹತ್ತಿರ ಬಂದಳು. ಹೋದಳು. ಮತ್ತೆ ಬಂದಳು. ನನ್ನ ಹಿಡಿಕೆ ಹಿಡಿದ ಕೈ ತಣ್ಣಗಿತ್ತು, ಬೆವತಿತ್ತು.

ಬೇವಿನ ಮರದ ಕೆಳಗೆ ಅವಳು ಉಂಡದ್ದನ್ನು ನಾನು ಮರೆಯಲಾರೆ. ಮೊದಲ ತುತ್ತನ್ನು ಎಷ್ಟೋ ಹೊತ್ತು ಅಗಿದಳು. ಕಣ್ಣೀರು ಖಾರಕ್ಕೆ ಬಂತೋ ಬೇರೆಯದಕ್ಕೋ. ಉಂಡ ಮೇಲೆ ನಲ್ಲಿಯ ಬುಡದಲ್ಲಿ ಕೂತು, ಮಣ್ಣು ಹಚ್ಚಿ ನನ್ನನ್ನು ಉಜ್ಜಿ ಉಜ್ಜಿ ತೊಳೆದಳು, ಸಾಬರ ಅಂಗಡಿಯಿಂದ ಆಗಷ್ಟೇ ಬಂದಂತೆ ಮಾಡಿದಳು. ಬೇರೆಯವರ ಪಾತ್ರೆಯನ್ನು ಹಾಗೆಯೇ ಮರಳಿಸಬಾರದು, ಬರಿದಾಗಿಯೂ ಮರಳಿಸಬಾರದು ಎಂದು ಅವಳ ಮನೆಯಲ್ಲಿ ಕಲಿಸಿದ್ದರು. ಇಡಲು ಏನೂ ಇರಲಿಲ್ಲ. ಜಡೆಯಲ್ಲಿದ್ದ ಸಂಪಿಗೆ ಹೂವು ತೆಗೆದು ಒಳಗಿಟ್ಟಳು.

ಮೂರಕ್ಕೆ ಬಂದ ಗುರುಸಿದ್ಧ ನನ್ನನ್ನು ಎತ್ತಿ ನೋಡಿದ. ಹಗುರವಾಗಿದ್ದೆ. ಅವನ ಮನಸ್ಸೂ ಹಗುರವಾಗಿರಬೇಕು. ಯಾರು, ಏನು ಎಂದು ಕೇಳಲಿಲ್ಲ. ನಾಲ್ಕು ದಿನ ಹಾಗೆಯೇ ಆದ ಮೇಲೆ ಬರುವುದನ್ನೇ ಬಿಟ್ಟ.

ಹೊಸಗಟ್ಟಿಯಲ್ಲಿ ಮಾತ್ರ ಮೊದಲ ಸಂಜೆಯೇ ಗದ್ದಲವೆದ್ದಿತು. ಮುಚ್ಚಳ ತೆಗೆದ ನೀಲವ್ವ ಗಂಡನನ್ನು ಕೂಗಿದಳು. "ಏನ್ರೀ, ಇಲ್ಲಿ ಬರ್ರಿ! ನಿಮ್ಮ ಮಗ ಡಬ್ಬಿ ತೊಳದಾನ!"

ಅವಳ ಗಂಡ ಚನ್ನವೀರಪ್ಪ ಬಗ್ಗಿ ನೋಡಿದ. ಹೂವನ್ನೂ ನೋಡಿದ, ಹೂವಿಗೆ ಸುತ್ತಿಕೊಂಡಿದ್ದ ಉದ್ದನೆಯ ಕೂದಲನ್ನೂ ನೋಡಿದ. "ಅಂವ ತೊಳದಿಲ್ಲ ಬಿಡ. ತೊಳಿಯಾಕಿ ಸಿಕ್ಕಾಳ. ಸೊಸೀ ಕಾಲಗುಣ ಚೊಲೊ ಐತಿ, ಡಬ್ಬಿ ಹೊಳಿಯಾಕ ಹತ್ತೇತಿ."

"ನಗಬ್ಯಾಡ್ರಿ! ಯಾರ ಮಗಳೋ ಏನೋ!"

ಬೈಯುತ್ತಲೇ ನೀಲವ್ವ ಮರುದಿನದಿಂದ ಎರಡು ರೊಟ್ಟಿ ಹೆಚ್ಚು ಹಾಕಿದಳು. ಹುಡುಗಿಗೆ ಅತ್ತೆಯ ಕೈರುಚಿ ಗೊತ್ತಾಗಲಿ ಎಂದು ಕೆನೆಮೊಸರು ಇಟ್ಟಳು. ಹತ್ತು ದಿನ ಹೂವು ಬಂತು. ಹನ್ನೊಂದನೆಯ ದಿನ ಹೊಸ ಸೀರೆಯುಟ್ಟು, ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ತಾನೇ ಬಸ್ಸು ಹತ್ತಿದಳು. ನನ್ನನ್ನು ಕಟ್ಟೆಯ ಮೇಲಿಟ್ಟು ಕಂಬದ ಮರೆಯಲ್ಲಿ ನಿಂತಳು.

ಶರಣಮ್ಮ ಬಂದಳು. ನನ್ನನ್ನು ಒಯ್ದಳು. ನೀಲವ್ವ ಹಿಂದೆಯೇ ಬಂದಳು, ಬಾಯಿತುಂಬ ಬೈಗುಳ ಇಟ್ಟುಕೊಂಡೇ ಬಂದಳು. ಮರದ ಹತ್ತಿರ ಬಂದವಳ ಕಾಲು ನಿಂತವು. ಹುಡುಗಿ ಎರಡು ರೊಟ್ಟಿಯನ್ನು ರಾತ್ರಿಗೆಂದು ಕರ್ಚೀಫಿನಲ್ಲಿ ಕಟ್ಟಿಡುತ್ತಿದ್ದಳು. ಉಳಿದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಓಢಣಿಯ ಮೇಲೆ ಬಿದ್ದ ಎಳ್ಳಿನ ಕಾಳುಗಳನ್ನು ಒಂದೊಂದಾಗಿ ಬೆರಳಿಗೆ ಅಂಟಿಸಿಕೊಂಡು ತಿಂದಳು. ಮಕ್ಕಳಿಗೆ ಉಣಿಸಿದ ಯಾವ ಹೆಂಗಸಿಗೂ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನೀಲವ್ವ ಮೆಲ್ಲಗೆ ಕಲ್ಲಿನ ಇನ್ನೊಂದು ತುದಿಗೆ ಕೂತಳು.

"ಪುಂಡಿಪಲ್ಲೆ ಹುಳಿ ಆಗೇತೇನವಾ?"

ಹುಡುಗಿ ಬೆಚ್ಚಿದಳು. "ಇಲ್ರಿ. ಚೊಲೊ ಐತ್ರಿ. ಯಾಕ್ರಿ?"

"ನಾನ ಮಾಡೀನಿ. ಅದಕ್ಕ ಕೇಳಿದೆ."

ಹಿಡಿದ ತುತ್ತನ್ನು ನನ್ನೊಳಗೇ ಮರಳಿ ಇಟ್ಟಳು. "ತಪ್ಪಾತ್ರಿ ಅಮ್ಮಾ. ದಿನಾ ಆಕಳಿಗೆ ಹಾಕತಿದ್ರು… ನೋಡಕೋತ ಕೂಡಾಕ ಆಗಲಿಲ್ಲ."

"ಯಾರು ಹಾಕತಿದ್ರು?"

ಶರಣಮ್ಮನ ಕಣ್ಣು ನನ್ನ ಮುಚ್ಚಳದ ಮೇಲಿನ ಹೆಸರಿನತ್ತ ಹೋಯಿತು. ನೀಲವ್ವನಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ, ಆದರೆ ಅದು ಯಾರ ಹೆಸರೆಂದು ಗೊತ್ತಿತ್ತು. ಅದರ ಮೇಲೆ ಒಮ್ಮೆ ಬೆರಳಾಡಿಸಿದಳು.

"ಹಂಗಾರ ಹೂವ ನಿಂದ?"

"ಬರೇ ಡಬ್ಬಿ ಕಳಸಬಾರದಂತಾರ್ರಿ, ನಮ್ಮ ಕಡಿ."

"ಅಯ್ಯ ನನ್ನವ್ವಾ! ನಾ ಮದವಿ ತಯಾರಿ ನಡಿಸಿದ್ದೆ!" ಎಂದು ನೀಲವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಡುಗಿ ನಗಲಿಲ್ಲ. "ಇನ್ನ ತಗೊಳಂಗಿಲ್ರಿ. ನಾಡಿದ್ದ ಊರಿಗೆ ಹೊಂಟೀನಿ. ಓದೂದ ಬಿಟ್ಟೆ. ಅಣ್ಣಗ ಪತ್ರ ಬರದೀನಿ." ಆ ಪತ್ರವನ್ನು ಅವಳು ಹಿಂದಿನ ದಿನ ನನ್ನ ಮುಚ್ಚಳದ ಮೇಲಿಟ್ಟುಕೊಂಡೇ ಬರೆದಿದ್ದಳು. ಇನ್ನೂ ಪುಸ್ತಕದೊಳಗೇ ಇತ್ತು. "ಬಿ.ಎ.ದಾಗ ನಾನ ಫಸ್ಟ್ ಇದ್ದೆ ಅಮ್ಮಾ. ಈಗ ಪುಸ್ತಕ ತಗದ್ರ ಅಕ್ಷರ ಇರಿವಿ ಹರದಾಡಿದಂಗ ಆಗ್ತಾವು. ಕ್ಲಾಸಿನ್ಯಾಗ ಏನ ಹೇಳಿದ್ರೂ ತಲ್ಯಾಗ ನಿಲ್ಲೂದಿಲ್ಲ. ಗೆಳತ್ಯಾರ ಮ್ಯಾಲ ಸುಮ್ಮಸುಮ್ಮನ ಸಿಟ್ಟ ಬರತೈತಿ. ನನ್ನ ಬುದ್ಧೀನ ಹೋತು ಅನಸ್ತೈತಿ."

"ಬುದ್ಧಿ ಎಲ್ಲಿ ಹೋಗತೈತಿ? ಹಸದೀ ನೀ. ಹಸದ ಕೂಸು ಪಾಠ ಕಲೀತೈತೇನು? ಹಠಾ ಮಾಡತೈತಿ, ಅಳತೈತಿ, ಮಲಗತೈತಿ. ಪರೀಕ್ಷಾ ಯಾವಾಗ?"

"ಇನ್ನ ಮೂರ ತಿಂಗಳೈತಿ."

"ಮೂರ ತಿಂಗಳ ಡಬ್ಬಿ ನಿಂದು."

"ಬ್ಯಾಡ್ರಿ. ದಿನಾ ಒಬ್ಬರ ಮನೀ ಅನ್ನ ಹೆಂಗ ಉಣ್ಣಲಿ? ಕದ್ದದ್ದ ಸಾಕು, ಬೇಡೂದ ಬ್ಯಾಡ."

ನೀಲವ್ವ ನನ್ನ ಒಳಗನ್ನು ಬೆರಳಿನಿಂದ ಸವರಿದಳು. "ನನಗೊಂದ ತ್ರಾಸ ಮಾಡೀ ನೀ. ತೊಳದ ತೊಳದ ಕಳಸ್ತಿ. ಏನ ಉಂಡಿ, ಏನ ಬಿಟ್ಟಿ, ನನಗ ಹೆಂಗ ತಿಳೀಬೇಕು? ಪರಮನಿಯವರು ತೊಳದ ಕೊಡ್ತಾರ. ಮನೀ ಮಕ್ಕಳು ಹಂಗ ಕಳಸ್ತಾರ. ನಾಳಿಂದ ತೊಳೀಬ್ಯಾಡ. ಇಷ್ಟ ನನ್ನ ಮಾತು."

ಶರಣಮ್ಮ ಮುಂದಿನ ತುತ್ತು ಮುರಿದಳು. ಪತ್ರ ಪುಸ್ತಕದಲ್ಲೇ ಉಳಿಯಿತು.

ಅಂದು ನೀಲವ್ವ ಮಗನನ್ನೂ ಕಂಡಳು. ಅವನು ಗೆಳೆಯರ ನಡುವೆ ನಿಂತಿದ್ದ. ಅವಳು ಬೈಯಲಿಲ್ಲ. "ನಿನ್ನ ಆಕಳಿಗೆ ಹೇಳಪಾ, ನಾಳಿಂದ ಬುತ್ತಿ ಬರಂಗಿಲ್ಲಂತ" ಎಂದಳು. ಗುರುಸಿದ್ಧನ ಮುಖ ಸಣ್ಣದಾಯಿತು. ಊರಿಗೆ ಹೋದ ಮೇಲೆ ಕುಡುಗೋಲಿನ ತುದಿಯಿಂದ ಅವಳು ನನ್ನ ಮೇಲಿನ ಕೆಂಪು ಅಕ್ಷರಗಳನ್ನು ಕೆರೆದಳು. ಹೊಸ ಹೆಸರು ಬರೆಸಲಿಲ್ಲ. ಯಾರ ಹೆಸರೂ ಇಲ್ಲದ ಡಬ್ಬಿ ಕಟ್ಟೆಯ ಮೇಲೆ ನಾನೊಂದೇ.

ಮೊದಲ ಮೂರು ವಾರ ಶರಣಮ್ಮ ನನ್ನನ್ನು ತೊಳೆದೇ ಕಳಿಸಿದಳು. ದಿನಾ ಸಂಜೆ ನೀಲವ್ವ ಮುಚ್ಚಳ ತೆಗೆದು, ಹೊಳೆಯುವ ತಳ ನೋಡಿ, ನಿಟ್ಟುಸಿರುಬಿಟ್ಟು ಮುಚ್ಚುತ್ತಿದ್ದಳು. ಆಮೇಲೊಂದು ಸಂಜೆ ತಳದಲ್ಲಿ ಎಣ್ಣೆ ಹರಡಿತ್ತು, ರೊಟ್ಟಿಯ ಪುಡಿಯಿತ್ತು, ಬಟ್ಟಲಿನಲ್ಲಿ ಎರಡು ಬದನೆಕಾಯಿ ಹಾಗೆಯೇ ಉಳಿದಿದ್ದವು.

"ಏನ್ರೀ, ಇಲ್ಲಿ ಬರ್ರಿ!" ನೀಲವ್ವನ ದನಿ ಓಣಿಗೆಲ್ಲ ಕೇಳಿತು. "ಈ ಹುಡಿಗಿ ಬದನಿಕಾಯಿ ಉಣ್ಣಂಗಿಲ್ಲ! ನಿನ್ನೀತನಾ ಸುಮ್ಮನ ನುಂಗ್ಯಾಳ ನೋಡ್ರಿ, ಹುಚ್ಚಿ!"

ನನ್ನ ಆಯುಷ್ಯದಲ್ಲಿ ಅಷ್ಟು ಕೊಳೆಯಾಗಿ, ಅಷ್ಟು ಸಂತೋಷವಾಗಿ ನಾನು ಎಂದೂ ಮನೆ ಮುಟ್ಟಿರಲಿಲ್ಲ.

ಹುಡುಗಿಯ ಕೈ ಬರಬರುತ್ತ ಬೆಚ್ಚಗಾಯಿತು. ಬೇವಿನ ಮರದ ಕೆಳಗೆ ಪಾಠ ಗಟ್ಟಿಯಾಗಿ ಓದುತ್ತಿದ್ದಳು, ನನ್ನ ಮೇಲೆ ತಾಳ ಹಾಕುತ್ತಿದ್ದಳು. ಪರೀಕ್ಷೆ ಬರೆದಳು, ಪಾಸಾದಳು. ಮುಂದೆ ದೂರದ ಒಂದು ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ನನ್ನನ್ನು ಬಸ್ಸಿಗೆ ಏರಿಸುವ ಕಾಲ ಮುಗಿಯಿತು. ಗುರುಸಿದ್ಧ ನೌಕರಿ ಹಿಡಿದ, ಮದುವೆಯಾದ. ಈಗ ಊರಿಗೆ ಬಂದಾಗ ಮುರಿದ ರೊಟ್ಟಿಯನ್ನೇ ಕೇಳಿ ಹಾಕಿಸಿಕೊಳ್ಳುತ್ತಾನೆ. ಎಂಟರ ಬಸ್ಸು ಇನ್ನೂ ಬರುತ್ತದೆ. ಡ್ರೈವರನ ಹಿಂದೆ ಡಬ್ಬಿಗಳಿಲ್ಲ. ನಾನು ಮಾಡಿನ ಹಲಗೆಯ ಮೇಲೆ ಹೀರೆ, ಸವತೆ, ಅವರೆ ಬೀಜಗಳನ್ನು ತುಂಬಿಕೊಂಡು ಎಷ್ಟೋ ವರ್ಷ ಕೂತೆ. ಒಂದು ಕೊಂಡಿ ಮುರಿಯಿತು. ಮೈತುಂಬ ತಗ್ಗು ಬಿದ್ದವು. ಕತ್ತಲಲ್ಲಿ ನನಗೆ ಬಸ್ಸಿನ ಕುಲುಕಾಟ ನೆನಪಾಗುತ್ತಿತ್ತು. ಪಕ್ಕದ ಡಬ್ಬಿಗಳ ಬೆಳ್ಳುಳ್ಳಿ ವಾಸನೆ, ಬಿಸಿ ರೊಟ್ಟಿಯ ಹಬೆಗೆ ಬೆವರುತ್ತಿದ್ದ ನನ್ನ ಮುಚ್ಚಳ.

ಈ ದೀಪಾವಳಿಗೆ ಶರಣಮ್ಮ ಬಂದಳು. ಕನ್ನಡಕ ಬಂದಿದೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಉಂಡು ಎದ್ದ ಮೇಲೆ ಕೇಳಿದಳು. "ಯವ್ವಾ, ಆ ಡಬ್ಬಿ ಐತೇನ?"

"ಬೀಜಾ ಹಾಕೀನಿ. ಯಾಕ?"

"ನಮ್ಮ ಕಾಲೇಜಿನ್ಯಾಗ ಒಂದ ಹುಡಿಗಿ ಐತಿ. ಮಧ್ಯಾಹ್ನದ ಗಂಟಿ ಹೊಡದ ಕೂಡಲೇ ನಳಕ್ಕ ಹೋಗಿ ನೀರ ಕುಡದ ಬರತಾಳ. ಬಂದು ನಮ್ಮ ರೂಮಿನ ಮೂಲ್ಯಾಗ ಪುಸ್ತಕ ಹಿಡಕೊಂಡ ಕೂಡತಾಳ. ಹಾಳಿ ಮಾತ್ರ ತಿರಗೂದಿಲ್ಲ."

ನೀಲವ್ವನಿಗೆ ಈಗ ಕಣ್ಣು ಮಂದ, ಮಾತು ಮಂದವಿಲ್ಲ. "ಈ ಸೊಟ್ಟ ಡಬ್ಬಿ ಯಾಕವಾ? ಪ್ಯಾಟ್ಯಾಗ ಥಳಥಳ ಹೊಳಿಯೂ ಸ್ಟೀಲಿನವು ಸಿಗತಾವು, ಹೊಸಾದ ಕೊಡಸು."

"ಕೊಡಿಸಿದ್ದೆ. ಮುಟ್ಟಲಿಲ್ಲ. ಹೊಸಾದ ಕೊಟ್ರ ಪುಣ್ಯಾಕ ಕೊಟ್ಟಂಗ ಕಾಣತೈತಿ. ಸೊಟ್ಟ ಆದ್ರ, ಮನೀದಂಗ ಇರತೈತಿ."

ನೀಲವ್ವ ತಡಮಾಡಲಿಲ್ಲ. ಬೀಜಗಳನ್ನು ಮೊರಕ್ಕೆ ಸುರಿದಳು. ಮುರಿದ ಕೊಂಡಿಯ ಜಾಗಕ್ಕೆ ತನ್ನ ಸೀರೆಯ ಅಂಚಿನ ಒಂದು ದಾರ ಕಟ್ಟಿದಳು.

ಹೀಗೆ ಮುಪ್ಪಿನಲ್ಲಿ ನಾನು ಇನ್ನೊಂದು ಊರು ಕಂಡೆ. ಈಗ ಕಾಲೇಜಿನಲ್ಲಿ ಶರಣಮ್ಮನ ರೂಮಿನ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ದಿನಾ ಬೆಳಿಗ್ಗೆ ಅವಳು ನಾಲ್ಕು ರೊಟ್ಟಿ, ಒಂದಿಷ್ಟು ಪಲ್ಲೆ ತುಂಬುತ್ತಾಳೆ. ಮಧ್ಯಾಹ್ನ ಎರಡು ಉಂಡು, ಉಳಿದದ್ದನ್ನು ಹಾಗೆಯೇ ಬಿಟ್ಟು, "ನನಗ ಹೆಚ್ಚಾತು, ಯಾರರ ಉಂಡ್ರ ಚೊಲೊ" ಎಂದು ಗೋಡೆಗೆ ಹೇಳಿ ಹೊರಗೆ ಹೋಗುತ್ತಾಳೆ. ಹುಡುಗಿ ಮೂಲೆಯಲ್ಲಿ ತಲೆಯೆತ್ತದೆ ಕೂರುತ್ತಾಳೆ. ಡಬ್ಬಿಗೆ ಕೈಯಿಲ್ಲ, ಬಾಯಿಯಿಲ್ಲ; ಕರೆಯಲು ಬರುವುದಿಲ್ಲ. ಕಾಯಲು ಬರುತ್ತದೆ, ಅಷ್ಟೇ. ಎಂಟು ದಿನ ಕಾದೆ.

ಇವತ್ತು ಮಧ್ಯಾಹ್ನ ಗಂಟೆ ಹೊಡೆಯಿತು. ಹುಡುಗಿ ನಳಕ್ಕೆ ಹೋದದ್ದು ಕಿಟಕಿಯಿಂದ ಕಂಡಿತು, ಬೇಗ ಮರಳಲಿಲ್ಲ. ಶರಣಮ್ಮ ಎರಡು ರೊಟ್ಟಿ ಉಂಡು, ಎಂದಿನಂತೆ ಗೋಡೆಗೆ ಮಾತು ಹೇಳಿ ಹೊರಟುಹೋದಳು. ರೂಮಿನಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ಬಾಗಿಲಲ್ಲಿ ಕಂಡಳು.

ಇವತ್ತು ಅವಳು ಕೈ ತೊಳೆದುಕೊಂಡು ಬಂದಿದ್ದಳು.