ಬಚ್ಚಲಿನಿಂದ ಬಂದ ಒಪ್ಪಿಗೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಮಾತು ಬಲ್ಲವರೇ ನಾಲ್ಕು ಜನ ಒಂದೇ ಸೂರಿನಡಿ ಸೇರಿದರೆ ಊಟವೂ ಇಲ್ಲ. ಗಾದೆಯ ಬಾಲ ಹೊಸದು, ಕತೆ ಮಾತ್ರ ನಡೆದದ್ದು. ನಂಬದವರು ಆ ಮನೆಯಲ್ಲಿ ಒಂದು ಭಾನುವಾರ ಕೂತು ಎದ್ದು ಬರಲಿ, ಎದ್ದು ಬರಲು ಬಿಟ್ಟರೆ.

ವಾರಕ್ಕೊಮ್ಮೆ ಸೇರಿ ಚರ್ಚೆ ಮಾಡುತ್ತಿದ್ದ ಗುಂಪೊಂದರ ನಾಲ್ವರು, ಒಟ್ಟಿಗೆ ಯೋಚಿಸುವವರು ಒಟ್ಟಿಗೆ ಬಾಳಲೂಬಹುದು ಎಂದುಕೊಂಡು ಬಾಡಿಗೆಗೆ ಹಿಡಿದ ಮನೆ ಅದು. ಅಲ್ಲಿ ಎರಡು ಕಟ್ಟಳೆ. ನಾಲ್ವರೂ ಒಪ್ಪದೆ ಮನೆಯಲ್ಲಿ ಕಡ್ಡಿಯೂ ಅಲುಗಬಾರದು. ಇನ್ನೊಬ್ಬರ ವಾದವನ್ನು ಕಡಿಯುವ ಮೊದಲು ಅದನ್ನು ಅವರಿಗಿಂತ ಚೆನ್ನಾಗಿ ಹೇಳಿ ತೋರಿಸಬೇಕು. ಅವರು 'ಹೌದು, ಇದೇ ನನ್ನ ಮಾತು' ಎಂದ ಮೇಲಷ್ಟೇ ನಿಮ್ಮ ಸರದಿ. ಕೇಳಲು ಎಷ್ಟು ಸೊಗಸು! ಅಡುಗೆಮನೆಯ ಬಲ್ಬು ಸುಟ್ಟು ತಿಂಗಳಾದರೂ ಬಿಳಿ ಬೆಳಕೋ ಹಳದಿ ಬೆಳಕೋ ಇತ್ಯರ್ಥವಾಗದೆ ಎಲ್ಲರೂ ಮಬ್ಬಿನಲ್ಲೇ ತರಕಾರಿ ಹೆಚ್ಚುತ್ತಿದ್ದರು. ಹೆಚ್ಚಿದ್ದರಲ್ಲಿ ತರಕಾರಿ ಎಷ್ಟು, ಬೆರಳು ಎಷ್ಟು ಎಂಬುದನ್ನು ಲೆಕ್ಕ ಹಾಕಲು ಮನೆಯಲ್ಲೇ ಒಬ್ಬನಿದ್ದ. ಅಂಕಿಅಂಶದ ಕೆಲಸದವನು, ಅಡ್ಡಹೆಸರು ಸಂಭವ. ಹಾಲು ಉಕ್ಕುವ ಸಂಭವ ಶೇಕಡ ಅರವತ್ತು ಎಂದು ನೋಡುತ್ತ ನಿಲ್ಲುವವನೇ ಹೊರತು ಒಲೆ ಆರಿಸುವವನಲ್ಲ. ಇನ್ನೊಬ್ಬಳು ಇತಿಹಾಸದ ಸಂಶೋಧಕಿ. ಉಪ್ಪು ಕೊಡಿ ಎಂದರೂ 'ಇದಕ್ಕೊಂದು ಹಿನ್ನೆಲೆ ಇದೆ' ಎಂದು ಶುರು ಮಾಡುತ್ತಿದ್ದ ಅವಳಿಗೆ ಅಡಿಟಿಪ್ಪಣಿ ಎಂದೇ ಹೆಸರಾಗಿತ್ತು.

ಮೂರನೆಯವರು ಕಾಲೇಜಿನಲ್ಲಿ ತರ್ಕ ಕಲಿಸುವ ಮೇಷ್ಟ್ರು. ಭಾನುವಾರದ ಸಭೆ ಶುರುವಾಗುವ ಹೊತ್ತಿಗೆ ಸರಿಯಾಗಿ ಅವರಿಗೆ ಸ್ನಾನ ನೆನಪಾಗುತ್ತಿತ್ತು. "ನೀವು ಶುರು ಮಾಡಿ, ನನಗೆ ಕೇಳಿಸ್ತದೆ" ಎಂದು ನಡುಮನೆಗೆ ಅಂಟಿದ ಬಚ್ಚಲುಮನೆ ಹೊಕ್ಕು ಬಾಗಿಲು ಹಾಕಿಕೊಂಡರೆ ಮುಗಿಯಿತು. ಎರಡು ಸಲ ಕೆಮ್ಮು, ಆಮೇಲೆ "ಅಲ್ಲಾ, ಮೂಲಭೂತವಾಗಿ ನೋಡೋದಾದ್ರೆ..." ಎಂದು ಗೋಡೆಗೋಡೆಗೆ ಬಡಿದು ಗಾಂಭೀರ್ಯ ತುಂಬಿಕೊಂಡು ಬರುವ ದನಿ. ವಾಕ್ಯ ಮುಗಿದಾಗೆಲ್ಲ ತಲೆಯ ಮೇಲೆ ಒಂದು ಮಗ್ ನೀರು. ಅವರ ಪೂರ್ಣವಿರಾಮ ಹೊರಗೆ ಕೂತವರಿಗೂ ಕೇಳಿಸುತ್ತಿತ್ತು.

ನಾಲ್ಕನೆಯವಳು ಅನುವಾದಕಿ. ಅವಳ ತಾಳ್ಮೆಗೆ ಈಗ ತಳ ಕಂಡಿತ್ತು. ತಾಯಿಯಂತೆ ಸಾಕಿದ ಅಕ್ಕ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು; ಸೋಮವಾರ ಬಿಡುಗಡೆ. ಅಕ್ಕನಿಗೆ ಇವಳು, ಇವಳಿಗೆ ಅಕ್ಕ, ಇಷ್ಟೇ ಬಳಗ. ಮಲಗುವ ಕೋಣೆಗಳೆಲ್ಲ ಮಹಡಿಯಲ್ಲಿ, ಅಕ್ಕ ಮೆಟ್ಟಿಲು ಹತ್ತುವಂತಿಲ್ಲ. ಕೆಳಗೆ ಇದ್ದದ್ದು ಒಂದೇ ಕೋಣೆ, ಅದಕ್ಕೆ 'ಮೌನದ ಕೋಣೆ' ಎಂದು ಹೆಸರು. ಒಬ್ಬರೇ ಕೂತು ಯೋಚಿಸಲಿಕ್ಕಂತೆ. ಅಲ್ಲಿ ಈವರೆಗೆ ಕೂತು ಯೋಚಿಸಿದ್ದು ಮೇಷ್ಟ್ರ ಸೈಕಲ್ಲು ಮತ್ತು ಒಣಗದ ಟವೆಲುಗಳು ಮಾತ್ರ.

ಆ ಕೋಣೆ ಕೇಳಿ ಕೇಳಿ ಭಾನುವಾರಗಳು ಕಳೆದಿದ್ದವು. ಒಬ್ಬರ ಅಗತ್ಯಕ್ಕೆ ಎಲ್ಲರ ಮೌನವನ್ನು ಬಿಟ್ಟುಕೊಡಬಹುದೇ ಎಂದು ಮೇಷ್ಟ್ರ ಆಕ್ಷೇಪ. ಕಟ್ಟಳೆಯಂತೆ ಅವಳು ಹಲ್ಲು ಕಚ್ಚಿ ಆ ಆಕ್ಷೇಪವನ್ನೇ ಅವರಿಗೆ ಒಪ್ಪಿಸುತ್ತಿದ್ದಳು. ಬಚ್ಚಲಿನಿಂದ ಉತ್ತರ ಬರುತ್ತಿತ್ತು: "ಹತ್ತಿರ ಬಂದ್ಯಮ್ಮ. ಆದ್ರೆ ಅದಲ್ಲ." ಒಂದು ಮಗ್ ನೀರು. ಅವರ ವಾದ ದಾಟಿ ಅಕ್ಕನ ಮಾತಿಗೆ ಬರುವ ಸರದಿ ಅವಳಿಗೆ ಸಿಕ್ಕಿರಲೇ ಇಲ್ಲ.

"ನಾಳೆ ಬರ್ತಾಳೆ ಸರ್, ನಾಳೆ" ಎಂದಳು ಶನಿವಾರ ಸಂಜೆ, ನಾಳಿದ್ದನ್ನು ನಾಳೆಗೆ ಎಳೆದು.

"ನಾಳಿದ್ದಲ್ವಾ? ಆತುರದಲ್ಲಿ ಅಂಕಿ ತಪ್ತದೆ" ಎಂದ ಸಂಭವ.

"ಆತುರಕ್ಕೊಂದು ಹಿನ್ನೆಲೆ ಇದೆ" ಎಂದಳು ಅಡಿಟಿಪ್ಪಣಿ.

ಅನುವಾದಕಿ ಎದ್ದಳು. ಊರವರ ಮಾತನ್ನೆಲ್ಲ ಇನ್ನೊಂದು ಭಾಷೆಯಲ್ಲಿ ಆಡುವುದೇ ಅವಳ ಉದ್ಯೋಗ. ಈ ಒಬ್ಬ ಮನುಷ್ಯನ ಮಾತನ್ನು ಅವರದೇ ದನಿಯಲ್ಲಿ ಆಡಲಾರಳೇ?

ಆ ಮನೆಯಲ್ಲಿ ಚರ್ಚೆಗೆ ಸಿಗದ ಖಾಸಗಿ ವಸ್ತು ಎಂದರೆ ಅವರವರ ಸೋಪು. ಭಾನುವಾರ ಬೆಳಿಗ್ಗೆ ಅವಳು ಮೇಷ್ಟ್ರ ಸೋಪು ಅಡಗಿಸಿದಳು. ಅಕ್ಕನನ್ನು ನೋಡಿ ಬರ್ತೀನಿ ಎಂದು ಚಪ್ಪಲಿ ಹಾಕಿಕೊಂಡು ಹೋದವಳು ಮನೆ ಸುತ್ತಿ ಹಿತ್ತಲಿನ ತೊಟ್ಟಿಯ ಹಿಂದೆ ನಿಂತಳು. ಮೇಷ್ಟ್ರು ಬಚ್ಚಲು ಹೊಕ್ಕರು, ಗೊಣಗಿದರು, ಹೆಗಲ ಮೇಲೆ ಟವೆಲು ಹಾಕಿಕೊಂಡು ಬಚ್ಚಲಿನ ಹಿತ್ತಲ ಬಾಗಿಲಿಂದಲೇ ಅಂಗಡಿಗೆ ಹೊರಟರು. ಅದೇ ಬಾಗಿಲಿಂದ ಅವಳು ಒಳಗೆ ಬಂದು ಎರಡೂ ಬಾಗಿಲಿಗೆ ಚಿಲಕ ಹಾಕಿ, ನಲ್ಲಿ ತಿರುಗಿಸಿ, ಎರಡು ಸಲ ಕೆಮ್ಮಿದಳು.

"ಅಲ್ಲಾ, ಮೂಲಭೂತವಾಗಿ ನೋಡೋದಾದ್ರೆ..."

"ಶುರು ಮಾಡಿ ಮೇಷ್ಟ್ರೆ" ಎಂದ ನಡುಮನೆಯಿಂದ ಸಂಭವ.

ಮೊದಲು ಅವರ ಆಕ್ಷೇಪವನ್ನೇ ಹೇಳಿದಳು. ಇವತ್ತು ಅಕ್ಕ ಬರುತ್ತಾಳೆ, ನಾಳೆ ಇನ್ನೊಬ್ಬರ ಭಾವ. ಕರುಣೆಗೆ ಬಾಗಿಲು ತೆರೆದ ಮನೆಯಲ್ಲಿ ಯೋಚನೆಗೆ ಜಾಗವೆಲ್ಲಿ? ನೆಲಕ್ಕೆ ಒಂದು ಮಗ್ ನೀರು. ಕರುಣೆಗೆ ಸೋತವರು ಮನೆ ಕಟ್ಟಬಹುದು, ಮನಸ್ಸು ಕಟ್ಟಲಾರರು. ಇನ್ನೊಂದು ಮಗ್. ಹೇಳುತ್ತ ಹೇಳುತ್ತ ಅವಳಿಗೇ ಅದು ನಿಜವೆನಿಸತೊಡಗಿತು.

"ಆದ್ರೆ" ಎಂದಳು ಅದೇ ದನಿಯಲ್ಲಿ, "ಮೌನದ ಕೋಣೇಲಿ ಕೂತಿರೋದು ಯಾರು? ನನ್ನ ಸೈಕಲ್ಲು. ಅದಕ್ಕೆ ಈವರೆಗೆ ಏನಾದ್ರೂ ಹೊಳೆದಿದ್ದು ನಾ ಕಾಣೆ. ನಾಳೆ ಒಬ್ಬ ಹೆಂಗಸು ಆಸ್ಪತ್ರೆ ಬಾಗಿಲಲ್ಲಿ ಗಾಲಿಕುರ್ಚಿ ಮೇಲೆ ಕೂತಿರ್ತಾಳೆ. ಅವಳಿಗೇನು ಹೇಳೋದು? ಇನ್ನೂ ಯೋಚನೆ ಮಾಡ್ತಿದೀವಿ, ಮುಂದಿನ ಭಾನುವಾರ ಬಾ ಅಂತಲೋ?"

ಕೊನೆಗೆ ದನಿ ಅರ್ಧ ಮೇಷ್ಟ್ರದು, ಅರ್ಧ ತನ್ನದಾಯಿತು. ಸಿಟ್ಟಿನ ಭರದಲ್ಲಿ ಪೂರ್ಣವಿರಾಮವನ್ನು ತನ್ನ ತಲೆಗೇ ಸುರಿದುಕೊಂಡಳು. "ಹೀಗಾಗಿ ನನ್ನ ಒಪ್ಪಿಗೆ ಇದೆ. ನಿಮ್ಮದು?"

ಉತ್ತರವಿಲ್ಲ. ಹಿನ್ನೆಲೆಯೂ ಇಲ್ಲ, ಶೇಕಡವೂ ಇಲ್ಲ. ಆ ಮನೆಯಲ್ಲಿ ಅವಳು ಕೇಳಿದ ಮೊದಲ ಮೌನ ಅದು. ಆಮೇಲೆ ಬಾಗಿಲಾಚೆ ಎರಡು ಸಲ ಕೆಮ್ಮು.

"ಅಲ್ಲಾ, ಮೂಲಭೂತವಾಗಿ ನೋಡೋದಾದ್ರೆ..."

ತನ್ನ ದನಿಯೇ ಗೋಡೆಯಿಂದ ತಿರುಗಿ ಬಂತೆಂದುಕೊಂಡಳು ಒಂದು ಗಳಿಗೆ. ಮರುಗಳಿಗೆ ನಲ್ಲಿ ನಿಲ್ಲಿಸಿದಳು. ಚಿಲಕ ತೆಗೆದರೆ, ಹೊಸ ಸೋಪು ಹಿಡಿದು ಮೇಷ್ಟ್ರು ಎದುರಿಗೇ ನಿಂತಿದ್ದರು. ಹಿಂದೆ ಸಂಭವ ಬಚ್ಚಲನ್ನೊಮ್ಮೆ ಮೇಷ್ಟ್ರನ್ನೊಮ್ಮೆ ನೋಡುತ್ತ, ಜನ್ಮದಲ್ಲಿ ಮೊದಲ ಬಾರಿಗೆ ಲೆಕ್ಕ ತಪ್ಪಿದವನಂತೆ ಬಾಯಿ ತೆರೆದಿದ್ದ.

"ಆಗ್ಲಿಂದ ಇಲ್ಲೇ ನಿಂತಿದ್ರು" ಎಂದಳು ಅಡಿಟಿಪ್ಪಣಿ. "ಸುಮ್ನಿರಿ ಅಂತ ನಮಗೆ ಬೆರಳು ತೋರಿಸ್ಬಿಟ್ರು."

ಅನುವಾದಕಿಯ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕ್ಷಮೆ ಕೇಳುವ ಮನಸ್ಸಿರಲಿಲ್ಲ. "ಹೇಳಿ ಸರ್" ಎಂದಳು, "ಹತ್ತಿರ ಬಂದೆ, ಆದ್ರೆ ಅದಲ್ಲ. ಅಷ್ಟೇ ತಾನೆ?"

ಮೇಷ್ಟ್ರು ಸೋಪನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಹೌದು" ಎಂದರು. "ಇದೇ ನನ್ನ ಮಾತು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರ್ಲಿಲ್ಲ. ಎರಡನೇ ಅರ್ಧಕ್ಕೆ ಉತ್ತರ ಹುಡುಕ್ತಾ ನಿಂತೆ, ಸಿಗ್ಲಿಲ್ಲ. ನನ್ನ ದನಿಗೆ ನಾನೇ ಹೇಗಮ್ಮ ಎದುರಾಡ್ಲಿ?"

ಹೋಗಿ ಮೌನದ ಕೋಣೆಯ ಬಾಗಿಲು ತಳ್ಳಿ ಸೈಕಲ್ಲಿನ ಹ್ಯಾಂಡಲ್ ಹಿಡಿದರು.

"ಇದನ್ನ ಎಲ್ಲಿಡೋದು ಅಂತ ಒಂದು ಸಣ್ಣ ಚರ್ಚೆ..." ಎಂದ ಸಂಭವ.

"ಬೀದೀಲಿಡಿ" ಎಂದಳು ಅನುವಾದಕಿ, ಮೇಷ್ಟ್ರ ದನಿಯಲ್ಲೇ.

ಮೊದಲು ಸಂಭವ ನಕ್ಕ, ಅಡಿಟಿಪ್ಪಣಿ ನಕ್ಕಳು, ಒದ್ದೆ ತಲೆ ಒರೆಸಿಕೊಳ್ಳುತ್ತ ಅವಳಿಗೂ ಬೇಡವೆಂದರೂ ನಗು ಬಂತು. ಆದರೆ ಸೈಕಲ್ಲಿಗೆ ಒರಗಿಕೊಂಡು, ಕೈಯ ಸೋಪು ಜಾರಿ ಬಿದ್ದದ್ದೂ ತಿಳಿಯದೆ, ಬೀದಿಯವರು ಕಿಟಕಿಯಿಂದ ಇಣುಕುವಷ್ಟು ಜೋರಾಗಿ ನಕ್ಕವರು ಮೇಷ್ಟ್ರು.