ಬೆಲ್ಲದ ಕಡಾಯಿ ಹಡಗಾದ ದಿನ

ಗುರುಶಾಂತನಿಗೆ ಹಡಗುಗಳೆಲ್ಲ ಬಾಯಿಪಾಠ. ಅಫಜಲಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುವಾಗ ಗ್ರೀಕರ ಮೂರು ಸಾಲು ಹುಟ್ಟಿನ ಯುದ್ಧನೌಕೆ, ಅರಬರ ಓರೆ ಹಾಯಿಯ ಹಡಗು, ಹೊಗೆ ಕಾರುವ ಸ್ಟೀಮರು, ಎಲ್ಲವನ್ನೂ ಬಾಯಲ್ಲೇ ಹೊರಡಿಸುತ್ತಿದ್ದ. ಸ್ಟೀಮರಿನ ಭೋಂಗಾ ಊದಿದನೆಂದರೆ ಪಕ್ಕದ ಕ್ಲಾಸಿನವರು ಜೇವರ್ಗಿ ಬಸ್ಸು ಹೊರಟಿತೆಂದು ಚೀಲ ಹೆಗಲಿಗೇರಿಸುತ್ತಿದ್ದರು. ಆದರೆ ಭೀಮೆ ಉಕ್ಕಿ ಹೊಲದ ಮನೆಯ ಕಟ್ಟೆಗೆ ನೀರು ಹತ್ತಿದ ಆ ಮಧ್ಯಾಹ್ನ ಅವನ ಮುಂದಿದ್ದದ್ದು ಒಂದೇ ಹಡಗು: ಬೆಲ್ಲ ಕಾಯಿಸುವ ಕಡಾಯಿ.

ಹೊಳೆ ಬಂದರೆ ಈ ಸೀಮೆಯಲ್ಲಿ ಕಡಾಯಿಯೇ ದೋಣಿ. ಪಕ್ಕದ ಹೊಲದ ಲಾಡ್ಲೆಸಾಬ ಬಿದಿರ ಗಳ ಊರಿ ಅದನ್ನು ಕಟ್ಟೆಗೆ ಒತ್ತಿ ಹಿಡಿದಿದ್ದ. ಹತ್ತಬೇಕಾದ ತಾಯಿ ಶಾರದಾಬಾಯಿ ಮಾತ್ರ ಪಡಸಾಲೆಯ ಕಂಬ ಬಿಡಲೊಲ್ಲಳು.

"ನಾ ಒಲ್ಲೆ. ಮೊದಲನೇ ಬೆಲ್ಲ ಜಂಗಮರ ಜೋಳಿಗಿಗೆ ಹೋಗೋ ಭಾಂಡಿ ಅದು. ನಿಮ್ಮಪ್ಪ ಇರೋತನಕ ಚಪ್ಪಲಿ ಬಿಟ್ಟ ಮುಟ್ಟತಿದ್ರು. ಅದರಾಗ ಕಾಲಿಡ್ಲೇನು?"

"ಕಾಲು ತೊಳಕೊಂಡ ಹತ್ತು ಯವ್ವಾ. ನೀರಿಗೇನು ಬರ ಇಲ್ಲ," ಎಂದ ಗುರುಶಾಂತ. ಅವಳು ನಗಲಿಲ್ಲ.

"ಮಾಸ್ತರ್ರ, ಮಸ್ಕಿರಿ ಸಾಕ್ರಿ!" ಲಾಡ್ಲೆಸಾಬ ಕೂಗಿದ. "ಹಿಂದಿನ ಗ್ವಾಡಿ ಬಿರಕ ಬಿಟ್ಟೈತಿ. ಜಲ್ದಿ ಮಾಡ್ರಿ."

ಎತ್ತಿ ಕೂರಿಸಹೋದರೆ ಕೊಸರಾಡುತ್ತಾಳೆ. ಕೊಸರಾಡಿದರೆ ಕಡಾಯಿ ಮಗುಚುತ್ತದೆ. ಗೋಡೆಯ ಮಣ್ಣು ಧಪ್ಪನೆ ನೀರಿಗೆ ಬಿತ್ತು. ಗುರುಶಾಂತ ಬಾಗಿಲ ಮರೆಗೆ ಸರಿದ. ದನಿಯನ್ನು ಎದೆಗಿಳಿಸಿ, ಸತ್ತ ಅಪ್ಪನ ಗಂಟಲು ತೆಗೆದ. ಅದೇ ಕೆಮ್ಮು, ಅದೇ ಗದರಿಕೆ.

"ಶಾರದಾ! ಹತ್ತು ಅಂದ್ರ ಹತ್ತು!"

ಅವಳ ಕೈ ಕಂಬದಿಂದ ಜಾರಿತು. ಕಡಾಯಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹೊದ್ದಿದ್ದ ಕೌದಿಯನ್ನು ತಳಕ್ಕೆ ಹಾಸಿ, ಹತ್ತಿ ಕುಳಿತಳು. ಗುರುಶಾಂತನೂ ಹತ್ತಿದ. ಒಳಗೆ ನಿಂತಿದ್ದ ಲಾಡ್ಲೆಸಾಬ ಗಳ ಊರಿ ದಡದತ್ತ ನೂಕಿದ.

ಮುಂದು ಹಿಂದು ಇಲ್ಲದ ಹಡಗು ಅದು. ಗಿರಗಿರನೆ ತಿರುಗುತ್ತ ಒಮ್ಮೆ ದಡ ತೋರಿಸಿದರೆ ಒಮ್ಮೆ ಮನೆ ತೋರಿಸುತ್ತಿತ್ತು. ಗುರುಶಾಂತನಿಗೆ ತಾಯಿಯ ಮುಖ ನೋಡುವ ಧೈರ್ಯವಾಗಲಿಲ್ಲ.

"ನಿಮ್ಮಪ್ಪ ಎಂದೂ ನನ್ನ ಹೆಸರು ಹಿಡದು ಕರದಿಲ್ಲ," ಶಾರದಾಬಾಯಿ ನೀರು ನೋಡುತ್ತಲೇ ಅಂದಳು. "'ಏ, ಕೇಳಿಲ್ಲೆ' ಅಂತಿದ್ರು, ಅಷ್ಟ."

"ಮತ್ತ್ಯಾಕ ಹತ್ತಿದಿ ಯವ್ವಾ?"

"ನಿನ್ನ ದನಿ ನಡಗಾಕತ್ತಿತ್ತು. ನಾ ಹತ್ತದಿದ್ರ ನೀನೂ ಹತ್ತತಿದ್ದಿಲ್ಲ."

ಹಿಂದೆ ಗೋಡೆ ಕುಸಿದ ಸದ್ದಾಯಿತು. ಯಾರೂ ತಿರುಗಲಿಲ್ಲ, ಕಡಾಯಿಯೇ ತಿರುಗಿ ತೋರಿಸಿತು.

"ಆ ದನಿ ಇನ್ನೊಮ್ಮಿ ತಗೀಬ್ಯಾಡಪಾ," ಎಂದಳು ಶಾರದಾಬಾಯಿ.